ಮಡಚಿದ ಮೊಣಕಾಲಿಗೆ ಜಾಗ

ಫ್ಲ್ಯಾಟ್ ಬುಷ್, ಆಕ್ಲೆಂಡ್
೧೪ ನವೆಂಬರ್ ೨೦೦೭

ಉದ್ದಗಾಲಿನ ಅನೂಪನಿಗೆ,

ಹೆದರಬೇಡ, ಕೋಪ ಕಾರುವುದಕ್ಕೆ ಬರೆಯುತ್ತಿಲ್ಲ. ಕಾರಿನ ಬಗ್ಗೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾವಿಬ್ಬರೂ ನಿನ್ನ ಪೊರಿರುವಾದ ಗಾಳಿ, ನನ್ನ ಆಕ್ಲೆಂಡಿನ ಮಳೆ ಎಂದು ಹವಾಮಾನ ವರದಿ ಓದಿ ಇಟ್ಟುಬಿಡುತ್ತೇವೆ. ಗಂಡ ಹೆಂಡತಿ ಮಾತಾಡಿದ ಹಾಗಾಗುವುದಿಲ್ಲ.

ನೀನು ಹೊಸ ಕೆಲಸಕ್ಕೆಂದು ಆ ಊರಿಗೆ ಹೊರಟಾಗ, ನನ್ನ ವಿನ್ಯಾಸದ ಈ ಸ್ಪೋರ್ಟ್ಸ್ ಕಾರು ಮುಗಿಯುವ ತನಕ ಬರುವುದಿಲ್ಲ ಎಂದಿದ್ದೆ. ನೀನು ಸೂಟ್‌ಕೇಸಿನ ಜಿಪ್ ಎಳೆಯುತ್ತ ಹೇಳಿದೆ: "ನಿನ್ ಕಾರಲ್ಲಿ ಎರಡೇ ಸೀಟು ಕಣೇ. ಒಂದು ನಿಂಗೆ, ಇನ್ನೊಂದು ನಿನ್ ಹಠಕ್ಕೆ." ಮಾತು ಚೆನ್ನಾಗಿತ್ತು. ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಅಂತೂ ಕಾರು ಮುಗಿಯಿತು. ತಿಂಗಳುಗಟ್ಟಲೆ ಜೇಡಿಮಣ್ಣು ಕೆತ್ತಿ ಕೆತ್ತಿ ನಿನ್ನ ಹೆಂಡತಿ ಅಕ್ಷರಶಃ ಮಣ್ಣು ಮುಕ್ಕಿದಳು. ಆ ಮಣ್ಣಿನ ಅಚ್ಚಿನಿಂದ ಫೈಬರ್ ಮೈ ತೆಗೆದು, ಕೆಂಪು ಬಳಿದು, ಕಳೆದ ಭಾನುವಾರ ಪ್ರದರ್ಶನಕ್ಕಿಟ್ಟೆವು. ಮಾದರಿ ಕಾರು ತಾನೆ, ಇನ್ನೂ ಎಂಜಿನ್ ಇಲ್ಲ. ಆದರೂ ಪಕ್ಕದ ಮನೆಯ ಲೀಲಾವತಿ ಆಂಟಿ ಕೈಚೀಲದಿಂದ ನಿಂಬೆಹಣ್ಣು ತೆಗೆದು ಚಕ್ರದಡಿ ಇಟ್ಟೇಬಿಟ್ಟರು. ಸೂಟುಧಾರಿ ಮಹನೀಯರೆಲ್ಲ ಸೇರಿ ಕಾರು ತಳ್ಳಿ ಅದನ್ನು ಅಪ್ಪಚ್ಚಿ ಮಾಡಬೇಕಾಯಿತು. ಪರದೆ ಸರಿದಾಗ ಭಾರಿ ಚಪ್ಪಾಳೆ. ನನ್ನ ಮೂಗಿಗೆ ಮಾತ್ರ ಚಿತ್ರಾನ್ನದ ವಾಸನೆ.

ಒಬ್ಬ ಪತ್ರಕರ್ತ, ಗೇರು ಯಾಕೆ ಡ್ರೈವರ್ ಕಡೆಗೆ ಇಷ್ಟೊಂದು ಸರಿದಿದೆ ಎಂದು ಕೇಳಿದ. (ಬೀಜದ ಗೇರಲ್ಲ, ನೀನು ಊಟದ ಯೋಚನೆ ಬಿಡು.) ಓಡಿಸುವವರೇ ಕೇಂದ್ರ ಎಂಬುದು ನಮ್ಮ ತತ್ವ ಎಂದೆ. ಪಾಪ, ಬರೆದುಕೊಂಡ. ನಮ್ಮ ಹಳೆಯ ಕೊರೊಲಾದಲ್ಲಿ ನೀನು ಬಲಗಾಲನ್ನು ಸೀಟಿನ ಮೇಲೆ ಮಡಚಿಟ್ಟು ಕೂರುತ್ತಿದ್ದದ್ದು, ಗೇರು ಬದಲಿಸಿದಾಗಲೆಲ್ಲ ನನ್ನ ಕೈ ನಿನ್ನ ಮೊಣಕಾಲಿಗೆ ಬಡಿಯುತ್ತಿದ್ದದ್ದು, ನಾವು ದಾರಿಯುದ್ದಕ್ಕೂ ಜಗಳವಾಡಿದ್ದು ಅವನಿಗೇನು ಗೊತ್ತು?

ಆಮೇಲೆ ನಮ್ಮ ಕಂಪನಿಯ ಯಜಮಾನ ಗ್ರೇಮ್ ಪಕ್ಕದ ಸೀಟಿನಲ್ಲಿ ಕೂತ. ಪಾದ ಮುಂದಕ್ಕೆ ಎಟುಕಲಿಲ್ಲ. ಬಲಕ್ಕೆ ಒಂದು ಮೊಣಕಾಲಿನಷ್ಟು ಜಾಗ ಖಾಲಿ. ಇದು ಯಾರ ಅಳತೆ ಎಂದ. ಸೀಟು ಅಳೆಯುವ ಮನುಷ್ಯಾಕಾರದ ಗೊಂಬೆ ನನ್ನ ಕೈಗೆ ಸಿಕ್ಕಿರಲಿಲ್ಲ, ಸಿಕ್ಕವರನ್ನು ಅಳೆದೆ ಎಂದೆ. ಆವತ್ತು ನಿನಗೂ ಹಾಗೇ ಹೇಳಿದ್ದೆನಲ್ಲ. ನಿನ್ನನ್ನು ಗ್ಯಾರೇಜಿನ ನೆಲದ ಮೇಲೆ ಮಲಗಿಸಿ, ನೀನು ಎದೆಯ ಮೇಲೆ ಚಿತ್ರಾನ್ನದ ತಟ್ಟೆ ಇಟ್ಟುಕೊಂಡು ಗೊಣಗುತ್ತಿರುವಾಗ, ಸುತ್ತ ಬಿಳಿ ಟೇಪು ಅಂಟಿಸಿದ್ದೆ.

ಆ ಟೇಪು ಇನ್ನೂ ಅಲ್ಲೇ ಇದೆ. ಮೊನ್ನೆ ಆಂಟಿ ಅದನ್ನು ನೋಡಿ ದಂಗಾಗಿ, "ಏನೇ ನಿಶಾ, ಪೊಲೀಸ್ರು ಬಂದಿದ್ರಾ?" ಎಂದರು. ಕೊಲೆಯಲ್ಲ ಆಂಟಿ, ಬರೀ ಪೊರಿರುವಾ ಎಂದೆ. ಕೊರೊಲಾವನ್ನು ರಸ್ತೆಯಲ್ಲೇ ನಿಲ್ಲಿಸುತ್ತಿದ್ದೇನೆ. ನಿನ್ನ ಮೇಲೆ ಹತ್ತಿಸಲು ಮನಸ್ಸು ಬರುವುದಿಲ್ಲ.

ಸೋಮವಾರ ಆ ಸೀಟನ್ನು ಕೊಯ್ದು ಎಲ್ಲರ ಅಳತೆಗೆ ತರುತ್ತಾರೆ. ಗೇರೂ ನಡುವಿಗೆ ಬರುತ್ತದೆ. ತಪ್ಪೇನಿಲ್ಲ, ಎಲ್ಲರಿಗಾಗಿ ಮಾಡುವ ಕಾರು. ಆದರೆ ಅಲ್ಲಿಯವರೆಗೆ ಅದು ನಿನ್ನ ಸೀಟು. ಶನಿವಾರ ಬಾ. ಒಂದು ಸಲ ಕೂರು. ಎಲ್ಲಿಗೂ ಹೋಗದ ಕಾರಿನಲ್ಲಿ ಕೂತು, ಇಬ್ಬರೂ ಎಲ್ಲಿರೋಣ ಎಂದು ಮಾತಾಡೋಣ. ಪೊರಿರುವಾ ಆದರೂ ಸರಿ.

ನನ್ನ ಹಠವನ್ನೂ ಅಲ್ಲಿ ಕೂರಿಸಿ ನೋಡಿದೆ. ಅದಕ್ಕೆ ಆ ಸೀಟು ತುಂಬ ದೊಡ್ಡದು.

ಇನ್ನೂ ಬಲಗಡೆಯ ಸೀಟಿನಲ್ಲೇ ಇರುವ,
ನಿಶಾ

ಮೇಲೆ ಬರೆಯದೆ ಬಿಟ್ಟಿದ್ದು: ಗೊಂಬೆ ಸಿಕ್ಕಿರಲಿಲ್ಲ ಎಂದದ್ದು ಸುಳ್ಳು. ಮೊದಲ ದಿನದಿಂದಲೂ ಅದು ಆಫೀಸಿನಲ್ಲಿ ನನ್ನ ಮೇಜಿನ ಪಕ್ಕದಲ್ಲೇ ಕೂತಿತ್ತು. ಕಾಲು ಮಡಚಿ ಕೂರಲು ಅದಕ್ಕೆ ಬರುತ್ತಿರಲಿಲ್ಲ.