ಮಲಗಿಸಿ ಎದ್ದು ಹೋದವಳು

ಕೊಪ್ಪಳ
ಗುರುವಾರ, 13 ನವೆಂಬರ್ 2025

ಅವ್ವನ ಪಾದಕ್ಕೆ ಮಗಳು ಶಿವಲೀಲಾಳ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಅದಕ್ಕೆ ಆ ಸಾಲು ಬಿಟ್ಟಿದ್ದೇನೆ. ಫೋನು ಇದ್ದೂ ಇವಳಿಗೇನು ಪತ್ರದ ಹುಚ್ಚು ಎಂದು ಬೈಯುತ್ತೀ, ಗೊತ್ತು. ಫೋನಿನಲ್ಲಿ ನನ್ನ ದನಿ ಕೇಳಿದರೆ ಸಾಕು, ಅಮ್ಮು ಅದನ್ನು ನಿನ್ನ ಕೈಯಿಂದ ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ನನ್ನನ್ನು ಹುಡುಕುತ್ತಾಳೆ. ಆಮೇಲೆ ನಾವು ಏನು ಮಾತಾಡಿದರೂ ಅವಳ ಅಳುವಿನಲ್ಲಿ ಮುಳುಗಿಹೋಗುತ್ತದೆ. ಇದನ್ನು ಅವಳು ಆಟದಲ್ಲಿದ್ದಾಗ ಕನ್ನಡಕ ಹಾಕಿಕೊಂಡು ಓದು. ಅರ್ಧಕ್ಕೆ ಸಿಟ್ಟು ಬಂದರೂ ಪೂರ್ತಿ ಓದು.

ಅವಳ ಹಣೆಗೆ ಹೊಲಿಗೆ ಹಾಕಿಸಿದ್ದನ್ನು ನೀನು ನನಗೆ ಹೇಳಲಿಲ್ಲ. ಪಕ್ಕದ ಮನೆಯ ಕಾಸೀಮಬೀ ಫೋನಿನಲ್ಲಿ ಹೇಳಿದಳು. ತೂಕಡಿಸುತ್ತ ನಡೆಯುತ್ತಿದ್ದ ಕೂಸು ಹೊಸ್ತಿಲಿಗೆ ಎಡವಿ ಬಿತ್ತಂತೆ. "ನಿದ್ದಿ ಇಲ್ಲದ ಕೂಸು ಎಷ್ಟ ದಿನ ತಡೀತೈತಿ ಯವ್ವಾ, ಅನ್ನಾನೂ ಮುಟ್ಟವಲ್ದು, ಮಾರ್ಯಾಗ ಬರೇ ಕಣ್ಣಷ್ಟ ಉಳದಾವ" ಎಂದಳು. ನನ್ನ ಮಗಳಿಗಿನ್ನೂ ಎರಡೂವರೆ ವರ್ಷ. ನಾನಾಗ ಹೆಣ್ಣುಮಕ್ಕಳ ಹಾಸ್ಟೆಲಿನ ಉಗ್ರಾಣದಲ್ಲಿ ಅಡುಗೆಯವಳಿಗೆ ಅಕ್ಕಿ ಅಳೆದು ಕೊಡುತ್ತಿದ್ದೆ. ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಅಷ್ಟು ದೂರದಲ್ಲಿ ಕೂತ ನನಗೆ ಸಿಟ್ಟು ಮಾಡುವ ಹಕ್ಕೂ ಇಲ್ಲವಲ್ಲ ಎಂದು ಅಳು ಬಂತು.

ನಿನ್ನೆ ಇಲ್ಲಿಯ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಮಗುವಿಲ್ಲದೆ ಬಂದು ಸಾಲಿನಲ್ಲಿ ಕೂತವಳು ನಾನೊಬ್ಬಳೇ. ಅವರು ಹೇಳಿದ್ದನ್ನು ಬರೆಯುತ್ತೇನೆ, ಮುಖ ಸಿಂಡರಿಸಬೇಡ. ಸಂಜೆ ಬಸಿಯಲ್ಲಿ ಆರಿಸಿ ಕುಡಿಸುವ ಚಹಾ ಬಿಡಬೇಕಂತೆ. ಎರಡು ಗುಟುಕು ಚಹಾ ಏನು ಮಾಡುತ್ತದೆ, ನಿನಗೂ ಕುಡಿಸಿಯೇ ಬೆಳೆಸಿದ್ದೇನೆ ಎನ್ನುತ್ತೀ. ನಾನು ಹೇಗೆ ಬೆಳೆದಿದ್ದೇನೆ ಎಂದು ಕಾಣುತ್ತಿದೆಯಲ್ಲ. ಉಣ್ಣಿಸುವಾಗ ಮೊಬೈಲಿನ ಕಾರ್ಟೂನು ಬೇಡ. ದಿನಾ ಅದೇ ಹೊತ್ತಿಗೆ ಕೈಕಾಲು ತೊಳೆದು, ದೀಪ ಆರಿಸಿ ಮಲಗಿಸಬೇಕು. ಹೆಗಲ ಮೇಲೆ ಹಾಕಿಕೊಂಡು ಅಂಗಳ ಸುತ್ತಿ ಸುತ್ತಿ ನಿನ್ನ ಮೊಣಕಾಲು ಹಾಳು ಮಾಡಿಕೊಳ್ಳಬೇಡ. ಎಚ್ಚರ ಇರುವಾಗಲೇ ಹಾಸಿಗೆಯಲ್ಲಿ ಹಾಕಿ, ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂರು. ಮಲಗದಿದ್ದರೆ ಗುಮ್ಮ ಬರುತ್ತಾನೆ ಎಂದು ಮಾತ್ರ ಹೆದರಿಸಬೇಡ.

ಇಷ್ಟೆಲ್ಲ ಹೇಳಿ ಡಾಕ್ಟರು, ಮಗು ಮಲಗುವಾಗ ಪಕ್ಕದಲ್ಲಿ ಯಾರಿರುತ್ತಾರೆ, ಎದ್ದಾಗ ಯಾರಿರುತ್ತಾರೆ ಎಂದು ಕೇಳಿದರು. ನಾನು ಚೀಲ ಎತ್ತಿಕೊಂಡು ಬಂದೆ. ಉತ್ತರ ನನಗೆ ಅಲ್ಲೇ ಗೊತ್ತಾಗಿತ್ತು.

ರವಿವಾರದ ಬಸ್ಸು ನಿನಗೆ ಗೊತ್ತಿದೆ. ನಮ್ಮ ಹುಲಿಹೈದರದಿಂದ ಆ ಮಧ್ಯಾಹ್ನದ ಬಸ್ಸು ತಪ್ಪಿದರೆ, ಗಂಗಾವತಿಗೆ ಹೋಗಿ ಕೊಪ್ಪಳ ಮುಟ್ಟುವಷ್ಟರಲ್ಲಿ ಹಾಸ್ಟೆಲಿನ ಗೇಟು ಹಾಕುವ ಹೊತ್ತು ಮೀರಿರುತ್ತದೆ. ಗೇಟು ಹಾಕಬೇಕಾದವಳೂ ನಾನೇ. ಆ ಬಸ್ಸು ಬರುವುದು ಅಮ್ಮು ಮಧ್ಯಾಹ್ನ ಮಲಗುವ ಹೊತ್ತಿಗೇ. "ಕೂಸನ್ನ ಅಳಿಸಿ ಹೊಸ್ತಿಲಾ ದಾಟಬಾರ್ದವಾ, ಮಲಗಿಸಿ ಹೋಗು" ಎನ್ನುತ್ತೀ. ನಮ್ಮಲ್ಲಿ ಹೊಲಕ್ಕೆ ಹೋಗುವವರೂ ಸಂತೆಗೆ ಹೋಗುವವರೂ ಹಾಗೇ ಹೋಗುವುದು, ನಾನೇನು ಹೊಸಬಳಲ್ಲ. ತೊಡೆಯ ಮೇಲೆ ಹಾಕಿ ತಟ್ಟುತ್ತೇನೆ. ನಿದ್ದೆ ಹತ್ತಿತು ಎಂದಾಗ ನನ್ನ ಸೆರಗು ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತೇನೆ. ನಾನು ಉಟ್ಟುಬಿಟ್ಟ ಸೀರೆಯನ್ನು ನೀನು ಸುರುಳಿ ಸುತ್ತಿ, ಅವ್ವನ ವಾಸನೆಗೆ ಮಲಗಿರಲಿ ಎಂದು ನನ್ನ ಜಾಗದಲ್ಲಿ ಇಡುತ್ತೀ. ಎದ್ದಾಗ ಅವಳ ಕೈಗೆ ಸಿಗುವುದು ಆ ಸೀರೆ.

ಹೋದ ರವಿವಾರ ರೆಪ್ಪೆ ಕೂಡಿದಾಗಲೆಲ್ಲ ಅವಳು ಬೆರಳಿನಿಂದ ಎತ್ತಿ ಹಿಡಿಯುತ್ತಿದ್ದಳು, ನೆನಪಿದೆಯಾ? ಎಷ್ಟು ಆಟ ಕಲಿತಿದ್ದಾಳೆ ಎಂದು ಇಬ್ಬರೂ ನಕ್ಕೆವು. ಆಟವಲ್ಲ ಅವ್ವಾ. ಕಾವಲು ಕಾಯುತ್ತಿದ್ದಳು. ಕಣ್ಣು ಮುಚ್ಚಿದರೆ ಅವ್ವ ಹೋಗುತ್ತಾಳೆ ಎಂದು ನಾವೇ ಪ್ರತಿ ವಾರ ಪಾಠ ಮಾಡಿದ್ದೇವೆ. ಈಗ ಅವಳಿಗೆ ದಿನಾ ರವಿವಾರವೇ. ನೀನೂ ಎದ್ದು ಹೋಗಿಬಿಟ್ಟರೆ ಎಂದು ನಿನ್ನ ಮಗ್ಗುಲಲ್ಲೂ ಕಣ್ಣು ಮುಚ್ಚುವುದಿಲ್ಲ. ಗುಮ್ಮನಿಗೆ ಹೆದರುವ ಕೂಸಲ್ಲ ಅದು. ಅದು ಹೆದರಿರುವುದು ನನಗೆ.

ಊರವರ ಹೆಣ್ಣುಮಕ್ಕಳಿಗೆಲ್ಲ ಮಲಗಿರಿ ಎಂದು ಹೇಳುವುದು ನನ್ನ ನೌಕರಿ. ಅವರು ಮಲಗುತ್ತಾರೆ. ಮೇಲ್ವಿಚಾರಕಿಯಾದವಳು ತನ್ನ ಕೂಸನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ಸೇರುವಾಗಲೇ ಹೇಳಿದ್ದರು. ಮೊನ್ನೆ ಮೇಲಧಿಕಾರಿಗಳನ್ನು ಮತ್ತೆ ಕೇಳಿದೆ, ಕಾಲು ಹಿಡಿಯುವುದೊಂದು ಬಾಕಿ. ಆಗುವುದಿಲ್ಲ ಎಂದರು. ಅವಳ ಅಪ್ಪ ಭತ್ತ ಕೊಯ್ಯುವ ಮಷಿನ್ನಿನ ಜೊತೆ ರಾಯಚೂರಿನ ಕಡೆ ಹೋದವನು ಹೆಣ್ಣು ಕೂಸು ಹೇಗಿದೆ ಎಂದು ಕೂಡ ಕೇಳಿಲ್ಲ. ಈ ನೌಕರಿ ಬಿಟ್ಟು ಬಂದರೆ ಮೂವರೂ ಏನು ತಿನ್ನೋಣ? ಬಿಡದಿದ್ದರೆ ಮಗಳು ಕಣ್ಣೆದುರು ಸೊರಗುತ್ತಾಳೆ. ಕಣ್ಣೆದುರು ಎಂದು ಬರೆದೆ ನೋಡು, ಅದೂ ಸುಳ್ಳು. ನನಗೆ ದಾರಿ ಕಾಣುತ್ತಿಲ್ಲ ಅವ್ವಾ. ಸಾಕಾಗಿದೆ.

ಮಾಡಬಹುದಾದದ್ದು ಒಂದೇ ಉಳಿದಿದೆ. ಬರುವ ರವಿವಾರ ಅವಳು ಎಚ್ಚರ ಇರುವಾಗಲೇ ಹೇಳಿ ಹೋಗುತ್ತೇನೆ. ಮುಖ ನೋಡಿ, ಹೋಗಿ ಬರುತ್ತೇನೆ ಎನ್ನುತ್ತೇನೆ. ಅಳುತ್ತಾಳೆ, ಉರುಳಾಡುತ್ತಾಳೆ, ಓಣಿಯವರೆಲ್ಲ ನನ್ನನ್ನು ಕಲ್ಲು ಮನಸ್ಸಿನವಳು ಎನ್ನುತ್ತಾರೆ. ಅನ್ನಲಿ. ಕುರಿಮರಿ ತೋರಿಸುತ್ತೇನೆ ಎಂದು ನೀನು ಅವಳನ್ನು ಕಾಸೀಮಬೀಯ ಹಿತ್ತಲಿಗೆ ಎತ್ತಿಕೊಂಡು ಹೋಗಬೇಡ. ಅತ್ತು ಮುಗಿಯಲಿ. ಹೋದವಳು ಹೇಳಿ ಹೋದಳು, ಹೇಳಿದ ದಿನ ಬಂದಳು ಎಂದು ಅವಳಿಗೆ ಗೊತ್ತಾದರೆ ನಿದ್ದೆ ತಾನೇ ಬರುತ್ತದೆ. ಬರುತ್ತದೆ ಎಂದು ನಂಬಿದ್ದೇನೆ. ನಂಬದೆ ಗತಿಯಿಲ್ಲ.

ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಹೊಲಿಗೆಯ ಜಾಗಕ್ಕೆ ನೀರು ತಾಗಿಸಬೇಡ.

ನಿನಗೂ ಹೊರೆಯಾದ, ಅವಳಿಗೂ ಒದಗದ
ಶಿವಲೀಲಾ

ತಾ.ಕ.: ರವಿವಾರ, ಗಂಗಾವತಿ ಬಸ್ ನಿಲ್ದಾಣ. ಪತ್ರವನ್ನು ಅಂಚೆಗೆ ಹಾಕದೆ ಚೀಲದಲ್ಲೇ ತಂದಿದ್ದೆ. ಇದರಲ್ಲಿರುವುದನ್ನೆಲ್ಲ ಬೆಳಿಗ್ಗೆ ಬಾಯಿಂದಲೇ ಹೇಳಿದೆ, ನೀನೂ ಗೊಣಗುತ್ತ ಒಪ್ಪಿದೆ. ಬಸ್ಸು ಬಂತೇನು ಎಂದು ನೀನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಾಗ, ನಾನು ಒಳಗಿನಿಂದ ಬಂದು "ಅಮ್ಮು ಅಳಲಿಲ್ಲ ಅವ್ವಾ" ಎಂದೆ. "ಶ್ಯಾಣೇ ಆತು ನಮ್ಮ ಕೂಸು" ಎಂದು ನೀನು ಎಷ್ಟು ಹಿಗ್ಗಿದೆ. ಆ ಹಿಗ್ಗು ನೋಡಿ ಉಳಿದದ್ದನ್ನು ಹೇಳಲಾಗಲಿಲ್ಲ, ಅದಕ್ಕೆ ಇಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಒಳಗೆ ನಾನು ಅವಳ ಮುಂದೆ ಕೂತು, "ಅಮ್ಮು, ಅವ್ವ ಈಗ ಹೋಗ್ತಾಳ, ಮುಂದಿನ ರವಿವಾರ ಬರ್ತಾಳ" ಎಂದೆ. ಅವಳು ನನ್ನ ಮುಖ ನೋಡಿದಳು. ಚೀಲ ನೋಡಿದಳು. ಆಮೇಲೆ ತಾನೇ ಹೋಗಿ ಕೌದಿಯ ಮೇಲೆ ಮಲಗಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ಅಮ್ಮು ಮಕ್ಕೊಂಡಾಳ, ಹೋಗು" ಎಂದಳು. ನಿದ್ದೆ ಬಂದಿರಲಿಲ್ಲ ಅವ್ವಾ, ರೆಪ್ಪೆ ನಡುಗುತ್ತಿದ್ದವು. ಹೊರಗೆ ಬಸ್ಸಿನ ಹಾರ್ನು ಕೇಳಿತು. ನಾನು ಎದ್ದು ಬಂದುಬಿಟ್ಟೆ.