ಮೇಷ್ಟ್ರ ಶನಿವಾರದ ಗಡ್ಡ

ಭಾನುವಾರ ಮಧ್ಯಾಹ್ನ,
ಬಾಗಿಲು ಹಾಕಿದ ಅಂಗಡಿಯೊಳಗಿಂದ

ನನ್ನ ಕತ್ತರಿರಾಣಿಗೆ,

ಅಪ್ಪನ ಪ್ರೀತಿ. ನಿನ್ನ ಸಲೂನಿಗೆ ಎರಡನೇ ಕುರ್ಚಿ ಬಂತೆಂದು ತಿಳಿದು ಹಿಗ್ಗಿದೆ. ಈಗ ನೀನು ಹಿಗ್ಗುವ ಸುದ್ದಿ ಕೇಳು. ಆದರೆ ನಾನು ಆಗ್ಲೇ ಹೇಳಿರ್ಲಿಲ್ವಾ ಅಂತ ಫೋನು ಮಾಡಿ ಕುಣಿಯಬೇಡ. ನಿನ್ನೆ ಕ್ಷೌರದ ಕತ್ತಿಯನ್ನು ಮಡಿಸಿ ಒಳಗಿಟ್ಟೆ. ಇನ್ನು ಯಾರ ಕೆನ್ನೆಗೂ ಅದನ್ನು ತಾಗಿಸುವುದಿಲ್ಲ.

ಕೈ ನಡುಗುತ್ತದೆ ಎಂದುಕೊಳ್ಳಬೇಡ, ಕೈ ಗಟ್ಟಿಯಾಗಿಯೇ ಇದೆ. ಹರೆಯದಲ್ಲಿ ಕೈ ಮುಂದೆ, ಬುದ್ಧಿ ಹಿಂದೆ. ಊರ ಸುದ್ದಿಯನ್ನೆಲ್ಲ ಹೇಳುತ್ತಾ, ಕನ್ನಡಿಯನ್ನೂ ನೋಡದೆ ಗಡ್ಡ ಬೋಳಿಸುತ್ತಿದ್ದೆ. ಎಪ್ಪತ್ತು ದಾಟಿದ ಮೇಲೆ ಬುದ್ಧಿ ಮುಂದೆ ಬಂದು ನಿಂತು ಕೈಗೆ ದಾರಿಯನ್ನೇ ಬಿಡುವುದಿಲ್ಲ. ಇಲ್ಲಿ ಒತ್ತಲೋ, ಅಲ್ಲಿ ಬಿಡಲೋ ಎನ್ನುವಷ್ಟರಲ್ಲಿ ಹಚ್ಚಿದ ನೊರೆ ಒಣಗುತ್ತದೆ. ಎಚ್ಚರ ಒಳ್ಳೆಯದೇ, ಅತಿಯಾದರೆ ಅಮೃತವೂ ವಿಷ. ಹೆದರಿ ಹಿಡಿದ ಕತ್ತಿಯೇ ಜಾರುವುದು ಎಂದು ನಿನಗೆ ಕಲಿಸಿದವನೇ ನಾನು.

ಗಿರಾಕಿಗಳು ಒಬ್ಬೊಬ್ಬರಾಗಿ ಕಾಲು ಕಿತ್ತರು. ಉಳಿದವರು ಮೇಷ್ಟ್ರು ಒಬ್ಬರೇ. ನೀನು ಚಿಕ್ಕವಳಿದ್ದಾಗ ಇಲ್ಲೇ ಮಗ್ಗಿ ಕೇಳಿ ಗೋಳು ಹೊಯ್ದುಕೊಳ್ಳುತ್ತಿದ್ದರಲ್ಲ, ಅವರೇ. ಕತ್ತಿ ಬಿಟ್ಟರೆ ಅವರೂ ಬರುವುದಿಲ್ಲವೇನೋ, ಆಮೇಲೆ ಶನಿವಾರ ಯಾರ ಜೊತೆ ಜಗಳವಾಡಲಿ ಎಂಬ ಭಯ ನನಗೆ. ಹೋದ ವರ್ಷ ನೀನು ಕಳಿಸಿದ ಗಡ್ಡದ ಮಷಿನ್ನು ಬೇಡವೆಂದದ್ದು ಅದಕ್ಕೇ.

ನಿನ್ನೆ ನೊರೆ ಹಚ್ಚಿ, ಕತ್ತಿಯನ್ನು ಅವರ ಕಿವಿಯ ಕೆಳಗೆ ತಂದೆ. ಕೈ ಅಲ್ಲೇ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಕಣ್ಣು ಬಿಗಿದುಕೊಂಡು, ಕುರ್ಚಿಯ ಎರಡೂ ತೋಳು ಗಟ್ಟಿಯಾಗಿ ಹಿಡಿದು ಕೂತಿದ್ದಾರೆ. ಕತ್ತಿಯನ್ನು ಹಿಂದಕ್ಕೆ ತೆಗೆದೆ. ಮೇಷ್ಟ್ರೇ, ಇನ್ಮೇಲೆ ಮಷಿನ್ನಲ್ಲಿ ಮಾಡ್ಲಾ ಅಂದೆ. ಹಾಗಂತ ಬರೋದು ಬಿಡ್ತೀರಾ ಅಂತಲೂ ಕೇಳಿಯೇಬಿಟ್ಟೆ.

ಅವರು ಒಂದು ಕಣ್ಣು ತೆರೆದರು. ಬದುಕಿದೆಯಾ ಬಡಜೀವವೇ ಅಂತ ಉಸಿರು ಬಿಟ್ಟ ರಭಸಕ್ಕೆ ನೊರೆ ಕನ್ನಡಿಗೆ ಹಾರಿತು. ವರ್ಷದಿಂದ ಪ್ರತಿ ಶನಿವಾರ ಹೆಂಡತಿ ಕೈಗೆ ಬೀರುವಿನ ಕೀಲಿ ಕೊಟ್ಟು ಬರ್ತಿದ್ದೀನಿ ಕಣಯ್ಯಾ ಅಂದರು. ಮತ್ತೆ ಯಾಕೆ ಬರ್ತಿದ್ರಿ ಎಂದರೆ, ಬರದೇ ಇದ್ರೆ ನೀನು ನೊಂದ್ಕೋತೀಯಲ್ಲ ಅಂದರು. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡೆವು. ಆಮೇಲೆ ಮಷಿನ್ನಲ್ಲೇ ಅವರ ಗಡ್ಡ ತೆಗೆದೆ. ಮೊದಲ ಸಲಕ್ಕೇ ಮಷಿನ್ನು ನನ್ನ ಕೈಗೆ ಎಷ್ಟು ಚೆನ್ನಾಗಿ ಒಗ್ಗಿದೆ ಎಂದು ಮೆಚ್ಚಿಕೊಂಡರು. ನಾನು ಬೆನ್ನು ತಿರುಗಿಸಿ ಮಷಿನ್ನು ಒರೆಸತೊಡಗಿದೆ. ಮುಂದಿನ ಶನಿವಾರವೂ ಬರುತ್ತಾರೆ.

ತಲೆಯ ಮೇಲಿನ ಹೊರೆ ಇಳಿದ ಹಾಗಿದೆ, ಮಗಳೇ. ರಾತ್ರಿಯೆಲ್ಲ ಗೊರಕೆ ಹೊಡೆದೆನೆಂದು ನಿನ್ನಮ್ಮನ ದೂರು.

ಸೋತರೂ ಹಲ್ಲು ಕಿರಿಯುತ್ತಿರುವ,
ನಿನ್ನಪ್ಪ

ತಾ.ಕ.: ಮಷಿನ್ನಿನ ಪೆಟ್ಟಿಗೆಯನ್ನೇ ಬಿಚ್ಚಿಲ್ಲ ಎಂದು ಆಗ ಬರೆದಿದ್ದೆನಲ್ಲ, ಅದು ಸುಳ್ಳು. ಅದು ಬಂದ ವಾರದಿಂದ ನನ್ನ ಗಡ್ಡ ಅದರಲ್ಲೇ. ನನ್ನ ಕುತ್ತಿಗೆಗೆ ಕತ್ತಿ ಇಡಲು ನನಗೇ ಧೈರ್ಯವಿರಲಿಲ್ಲ. ಮೇಷ್ಟ್ರಿಗೆ ಹೇಳಿಬಿಟ್ಟೀಯ, ಜೋಕೆ.