ಬಾಗಿಲ ಪಕ್ಕದವಳು

ಮಂಗಳವಾರ, ಬೆಳಿಗ್ಗೆ ಐದೂವರೆ
ಅಂಗಡಿಯ ಒಳಕೋಣೆ

ನನ್ನ ನೂಲುಂಡೆಗೆ,

ಚೆನ್ನಾಗಿದ್ದೀಯಾ ಎಂದು ಕೇಳಿ ಶುರು ಮಾಡುವುದು ರೂಢಿ. ಆ ಪ್ರಶ್ನೆ ಕೇಳುವ ಮುಖ ನನಗಿಲ್ಲ. ನಾಲ್ಕು ತಿಂಗಳಿಂದ ನೀನು ಕಳಿಸಿದ ಒಂದೊಂದಕ್ಕೂ ಉತ್ತರ ಕೊಡಬೇಕಿತ್ತು, ಕೊಡಲಿಲ್ಲ. ತಡವಾಯಿತು, ತಪ್ಪಾಯಿತು. ನಿನ್ನಮ್ಮನ ಬಾಯಲ್ಲಿ ಈ ಮಾತನ್ನು ನೀನು ಹಿಂದೆ ಕೇಳಿರಲಾರೆ. ಬೇಕಿದ್ದರೆ ಇನ್ನೊಂದು ಸಲ ಓದಿಕೋ.

ಮೊದಲು ಕೆಲಸದ ಮಾತು. ಕಾಗದವಾದರೆ ಸದ್ದು ಮಾಡುತ್ತದೆ. ಅದಕ್ಕೇ ಅಸ್ತರಿನ ಬಟ್ಟೆಯ ಮೇಲೆ, ಗಿರಾಕಿಗಳ ಗುರುತು ಹಾಕುವ ಶಾಯಿಯಲ್ಲಿ ಸಣ್ಣಗೆ ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಬೀದಿಗೆ ಮೊಟ್ಟೆ ಮಾರಲು ಬರುವವಳ ಏಪ್ರನ್ನಿನ ಎರಡು ಪದರದ ನಡುವೆ ಇಟ್ಟು ಹೊಲಿಯುತ್ತೇನೆ. ಅವಳು ನಿನ್ನ ಕಿಟಕಿಯ ಹತ್ತಿರ ಒಂದು ಮೊಟ್ಟೆಯನ್ನು ಮೈಮೇಲೆ ಒಡೆದುಕೊಂಡು, 'ಸ್ವಲ್ಪ ತೊಳೆದು ಕೊಡಮ್ಮ, ಅಸ್ತರು ಜೋಪಾನ' ಎಂದು ಕಂಬಿಯ ಸಂದಿಯಿಂದ ಒಳಗೆ ಕೊಡುತ್ತಾಳೆ. ನಿನ್ನೆ ಇಲ್ಲಿ ಮೂರು ಸಲ ಅಭ್ಯಾಸ ಮಾಡಿ ಮೂರು ಮೊಟ್ಟೆ ಹಾಳು ಮಾಡಿದಳು. 'ನಾನು ನಾಟಕಕ್ಕೆ ಸೇರಬೇಕಿತ್ತು ಕಣಕ್ಕ' ಅಂದಳು. ನೀನು ಸ್ನಾನದ ಮನೆಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಓದು. ಹೊತ್ತಿಲ್ಲ ಅನ್ನಿಸಿದರೆ ಅಂಚಿನಲ್ಲಿ ಕೆಂಪು ದಾರ ಹಾಕಿರುವ ಕಡೆಯಿಂದ ಓದು. ಮಿಕ್ಕಿದ್ದನ್ನು ಆಮೇಲೆ ಒಟ್ಟಿಗೆ ಕೂತು, ನೀನು ನನ್ನನ್ನು ಬೈಯುತ್ತಾ ಓದಬಹುದು.

ನಮ್ಮ ಪುಸ್ತಕ ನೆನಪಿದೆಯಲ್ಲ. ನಿನಗಾಗ ಏಳು ವರ್ಷ. ಶಾಲೆ ಬಿಟ್ಟು ಬಂದವಳು ಕತ್ತರಿಸುವ ಮೇಜಿನ ಕೆಳಗೆ ತುಂಡುಬಟ್ಟೆಯ ರಾಶಿಯಲ್ಲಿ ಕೂತು, ಕಥೆ ಹೇಳು ಕಥೆ ಹೇಳು ಎಂದು ಪ್ರಾಣ ತಿನ್ನುತ್ತಿದ್ದೆ. ಹೈಸ್ಕೂಲು ಮುಗಿಸಿ ನೇರ ಮಿಷನ್ನಿಗೆ ಕೂತವಳು ನಾನು, ನನಗೆಲ್ಲಿಯ ಕಥೆ. ಕೈಯಲ್ಲಿದ್ದ ಒಂದು ಕೋಟನ್ನು ನಿನ್ನ ಮುಂದೆ ಹಿಡಿದು, 'ಎಡ ಮೊಣಕೈ ಸವೆದಿದೆ, ಬಲದ್ದು ಹೊಸದರ ಹಾಗಿದೆ. ಇದನ್ನು ಹಾಕುವವನು ಯಾರಿರಬಹುದು, ನೀನೇ ಹುಟ್ಟಿಸು' ಅಂದೆ. ನೀನು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. 'ಮಕ್ಕಳಿಗೆ ಲೆಕ್ಕ ಕೊಟ್ಟು ಎಡಗೈ ಮೇಲೆ ತಲೆಯಿಟ್ಟು ಮಲಗೋ ಮೇಷ್ಟ್ರು. ಗೊರಕೆ ಹೊಡೆದುಬಿಡ್ತೀನೇನೋ ಅಂತ ಅವರಿಗೆ ಭಯ' ಅಂದೆ. ಆ ಗೊರಕೆ ಮೇಷ್ಟ್ರೇ ನಮ್ಮ ಪುಸ್ತಕದ ಮೊದಲ ಪುಟ. ಭಯ ಯಾಕೆ ಸೇರಿಸಿದೆ ಎಂದು ಕೇಳಿದ್ದಕ್ಕೆ, 'ಏನಾದ್ರೂ ಒಂದು ಭಯ ಇಲ್ಲದಿದ್ರೆ ಅವರು ಎದ್ದು ಓಡಾಡಲ್ಲಮ್ಮ' ಅಂದಿದ್ದೆ. ಅಂದಿನಿಂದ ಬಟ್ಟೆ ನೋಡಿ ಆಳು ಹುಟ್ಟಿಸುವುದು ನನ್ನ ಕೆಲಸ, ಭಯ ಕೊಡುವುದು ನಿನ್ನ ಕೆಲಸ.

ಒಂದು ದಿನ ಕೇಳಿದ್ದೆ, 'ಅಮ್ಮ, ಹೊಲಿಯೋಳಿಗೆ ಏನು ಭಯ?' 'ಹೊಲಿಯೋಳಿಗೆ ಪುರುಸೊತ್ತಿಲ್ಲ' ಅಂದಿದ್ದೆ ನಾನು.

ನಿನ್ನ ಮದುವೆಯಾದ ಮೇಲೂ ಪುಸ್ತಕ ನಿಲ್ಲಲಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಒಂದು ಗಂಟೆ ಅದಕ್ಕೇ ಮೀಸಲು. ಅರವತ್ತೆರಡು ಜನ ಆಗಿದ್ದಾರೆ. 'ಎಲ್ಲಿಂದ ಹುಡುಕಿ ತರ್ತೀರಕ್ಕ ಇವರನ್ನ' ಎಂದು ನಮ್ಮ ಅಂಗಡಿಯ ಇಸ್ತ್ರಿಯವಳು ಕೇಳುತ್ತಾಳೆ. ಹುಡುಕುವುದೇನು ಬಂತು, ಬಟ್ಟೆ ಬಿಚ್ಚಿ ಕೊಟ್ಟು ಹೋಗುತ್ತಾರಲ್ಲ. ಜೇಬಿನ ಮೂಲೆಯ ಧೂಳು, ಕಾಲರಿನ ಒಳಮಗ್ಗುಲು, ಎಲ್ಲಿ ಎಳೆದು ಎಳೆದು ಸಡಿಲವಾಗಿದೆ ಅನ್ನುವುದು, ಇಷ್ಟಿದ್ದರೆ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ. ನನ್ನದು ಒಂದೇ ಕಟ್ಟಳೆ. ಬಟ್ಟೆ ನಿಜವಾಗಿ ಯಾರದು ಎಂದು ಕೇಳಬಾರದು. ಕೇಳಿದರೆ ಅದು ಕಲ್ಪನೆ ಅಲ್ಲ, ಚಾಡಿ. ಈ ಕಟ್ಟಳೆಯ ಬಗ್ಗೆ ನನಗೆ ಎಷ್ಟು ಜಂಬ ಎಂದು ನಿನಗೆ ಗೊತ್ತು.

ನಾಲ್ಕು ತಿಂಗಳ ಹಿಂದೆ ಮೊಟ್ಟೆಯವಳು ತಾನು ಹೋಗುವ ಮನೆಗಳ ರಿಪೇರಿ ಬಟ್ಟೆಯ ಗಂಟಿನಲ್ಲಿ ಒಂದು ಅಂಗಿ ತಂದಳು. ಬೆನ್ನಿನ ಬಲಭಾಗ ಮಾತ್ರ ಉಜ್ಜಿ ಉಜ್ಜಿ ತೆಳುವಾಗಿತ್ತು. ಎಳೆಗಳ ನಡುವೆ ಹಸಿರು ಬಣ್ಣದ ಸಣ್ಣ ಸಿಪ್ಪೆ. ಬಾಗಿಲಿಗೆ ಹೊಡೆಯುವ ಬಣ್ಣ. ನಾನು ಖುಷಿಯಿಂದ ಪುಸ್ತಕ ತೆಗೆದೆ. ದಿನವಿಡೀ ಬಾಗಿಲಿಗೆ ಒರಗಿ ಕೂರುವ ಹೆಂಗಸು ಎಂದು ಬರೆದೆ, ಬಾಗಿಲ ಪಕ್ಕದವಳು ಎಂದು ಕರೆದೆ. ಎರಡನೆಯ ತಿಂಗಳು ಒಂದು ಲಂಗ ಬಂತು. ಅಂಚಿನ ಒಂದೇ ಜಾಗದಲ್ಲಿ ಮುಷ್ಟಿಯಲ್ಲಿ ಹಿಂಡಿದಂಥ ಸುಕ್ಕು, ಎಷ್ಟು ಇಸ್ತ್ರಿ ಹಾಕಿದರೂ ಹೋಗದ್ದು. ಹೆಜ್ಜೆ ಸದ್ದು ಕೇಳಿದರೆ ಅವಳು ತನ್ನ ಲಂಗವನ್ನೇ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ ಎಂದು ಬರೆದೆ. ಮೂರನೆಯದರಲ್ಲಿ ಗುಂಡಿಗಳು ಕಿತ್ತುಹೋಗಿದ್ದವು. ತಾನೇ ಅವಸರದಲ್ಲಿ ಎಳೆದುಕೊಂಡರೆ ದಾರ ಹರಿಯುತ್ತದೆ. ಎದುರು ನಿಂತವರು ಎಳೆದರೆ ಬಟ್ಟೆ ಸಮೇತ ಬರುತ್ತದೆ. ಇದು ಬಟ್ಟೆ ಸಮೇತ ಬಂದಿತ್ತು.

ಬರೆಯುವಾಗ ಮೈ ಜುಂ ಎನ್ನುತ್ತಿತ್ತು, ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು. ಆ ಜುಂ ಅನ್ನುವುದನ್ನು ನಾನು ಸ್ಫೂರ್ತಿ ಅಂದುಕೊಂಡೆ ಮಗಳೇ. ಓದಿ ಹೇಳಿದರೆ ಇಸ್ತ್ರಿಯವಳು ಕೈ ನಿಲ್ಲಿಸಿಬಿಡುತ್ತಿದ್ದಳು.

'ಅಕ್ಕ, ಪಾಪ ಅವಳನ್ನ ಆಚೆ ಬಿಡಿ. ಎಷ್ಟು ದಿನ ಅಂತ ಬಾಗಿಲ ಹತ್ರ ಕೂರಿಸ್ತೀರಾ?'

'ನಾನೇನು ಕೂಡಿ ಹಾಕಿದ್ದೀನಾ? ಅವಳಾಗೇ ಕೂತಿದ್ದಾಳೆ. ನೀನು ಮೊದಲು ಆ ಕಾಲರು ಸುಡೋದು ನೋಡ್ಕೋ.'

ಅವು ನಿನ್ನ ಬಟ್ಟೆ ಎಂದು ಹೇಗೆ ತಿಳಿಯಬೇಕಿತ್ತು ನನಗೆ? ನಾನು ಹೊಲಿದ ಬಟ್ಟೆ ಒಂದೂ ಅದರಲ್ಲಿ ಇರಲಿಲ್ಲ, ಎಲ್ಲ ಕೊಂಡದ್ದು. ಅಳತೆಯೂ ನಿನ್ನದಲ್ಲ. ನಿನ್ನ ಸೊಂಟ ಇಪ್ಪತ್ತೊಂಬತ್ತು. ಆ ಲಂಗವನ್ನು ಯಾರೋ ಇಪ್ಪತ್ತೈದಕ್ಕೆ ಹಿಡಿದು ಹೊಲಿದುಕೊಂಡಿದ್ದರು. ನೀನು ಇಲ್ಲಿಗೆ ಬಂದು ಎರಡು ವರ್ಷವಾಯಿತು. ಅಂದು ಅರ್ಧ ದಿನ ಇದ್ದು ಹೋದೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಾನು ಇಲ್ಲ ಅನ್ನುತ್ತಿದ್ದೆನೇ?

ಇರಲಿ. ನಿನ್ನೆಯದನ್ನು ಹೇಳುತ್ತೇನೆ. ನಿನ್ನ ಗಂಡನಿಗೆ ಏನೇನು ಗೊತ್ತಾಗಿದೆ ಎಂದು ನಿನಗೆ ತಿಳಿದಿರಬೇಕು.

ಹೋದ ವಾರ ನಾಲ್ಕನೆಯದಾಗಿ ಕೋಟು ಬಂದಿತ್ತು. ಕೆಳ ಅಂಚಿನ ಒಳಗೆ ಎರಡು ಬೆರಳಗಲದ ಕಳ್ಳಜೇಬು. ಖಾಲಿ, ಆದರೆ ಬಟ್ಟೆಯ ಮೇಲೆ ಕೀಲಿಯ ಅಚ್ಚು ಮೂಡಿತ್ತು. ಬಾಗಿಲ ಪಕ್ಕದವಳು ಒಂದು ಕೀಲಿ ಸಂಪಾದಿಸಿದ್ದಾಳೆ, ಆದರೆ ಬಳಸಲು ಧೈರ್ಯ ಸಾಲದು ಎಂದು ಬರೆದೆ. ನಿನ್ನೆ ಬೆಳಿಗ್ಗೆ ಅದನ್ನೇ ಇಸ್ತ್ರಿಯವಳಿಗೆ ಓದುತ್ತಿದ್ದೆ. ತಲೆಯೆತ್ತಿದರೆ ನಿನ್ನ ಗಂಡ ಹೊಸ್ತಿಲಲ್ಲಿ ನಿಂತಿದ್ದ. ನಮ್ಮ ಬೀದಿಯ ಅಂಗಡಿಗಳ ತಕ್ಕಡಿ ಪರೀಕ್ಷೆಗೆ ಬಂದವನು, ಕೈಯಲ್ಲಿ ಸೇಬಿನ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

'ಓದಿ ಅತ್ತೆ, ನಿಲ್ಲಿಸಬೇಡಿ. ಯಾರ ಕಥೆ ಇದು?'

'ಯಾರದೂ ಅಲ್ಲ. ನಾನೇ ಹುಟ್ಟಿಸಿದ್ದು' ಅಂದೆ. ಎಷ್ಟು ಹೆಮ್ಮೆಯಿಂದ ಅಂದೆ ಗೊತ್ತಾ.

'ಹೌದಾ? ಇಂಥದ್ದೆಲ್ಲ ಎಲ್ಲಿ ಹೊಳೆಯುತ್ತೆ ನಿಮಗೆ?'

ಅಳಿಯ ಮೊದಲ ಸಲ ನನ್ನ ಬರಹದ ಬಗ್ಗೆ ಕೇಳಿದ್ದ. ನಾನು ಎದ್ದು ಕೋಟು ತಂದೆ. ನನ್ನ ಕೈಯಾರೆ ತಂದೆ. ಅಂಚು ಮಗುಚಿ ಜೇಬು ತೋರಿಸಿದೆ, ಇಲ್ಲಿ ನೋಡಿ ಕೀಲಿಯ ಅಚ್ಚು ಎಂದು ಬೆರಳಿಟ್ಟು ತೋರಿಸಿದೆ. ಅವನು ಕೋಟನ್ನು ಬೆಳಕಿಗೆ ಹಿಡಿದ. ಜೇಬಿನೊಳಗೆ ಎರಡು ಬೆರಳು ಹಾಕಿ ಸುಮ್ಮನೆ ಸ್ವಲ್ಪ ಹೊತ್ತು ಇಟ್ಟುಕೊಂಡ. ಆಮೇಲೆ ಅದನ್ನು ಹ್ಯಾಂಗರಿಗೆ ಹಾಕಿ, ಕತ್ತಿನ ಗುಂಡಿ ಹಾಕಿ, ಭುಜದ ಸುಕ್ಕು ಸವರಿದ.

'ತುಂಬ ಚೆನ್ನಾಗಿದೆ. ಮುಂದೆ ಏನಾಗುತ್ತೆ ಅವಳಿಗೆ?'

'ಇನ್ನೂ ಬರೆದಿಲ್ಲ.'

'ಹೋಗೋದಿಲ್ಲ ಅಂತ ಬರೀರಿ ಅತ್ತೆ. ಹೋದರೆ ಕಥೆ ಮುಗಿದುಹೋಗುತ್ತಲ್ಲ.'

ನಗುತ್ತಲೇ ಹೇಳಿದ. ಸೇಬು ಮೇಜಿನ ಮೇಲಿಟ್ಟು ಹೊರಟ. ಇಸ್ತ್ರಿಯವಳು ಅವನು ಬೀದಿ ದಾಟುವವರೆಗೂ ನೋಡುತ್ತಾ ನಿಂತಿದ್ದು, 'ಅಕ್ಕ, ಅದು ಹೆಂಗಸಿನ ಕೋಟು, ಗುಂಡಿ ಎಡಗಡೆ. ಕತ್ತಿನ ಗುಂಡಿಯನ್ನ ಅವರು ನೋಡದೇನೇ ಹಾಕಿದ್ರು' ಅಂದಳು.

ನಾನು ಕತ್ತರಿ ತೆಗೆದುಕೊಂಡು ಆ ಕಳ್ಳಜೇಬಿನ ಹೊಲಿಗೆ ಬಿಚ್ಚಿದೆ. ದಾರದ ಕೊನೆಯನ್ನು ಮೂರು ಸಲ ಹಿಂದಕ್ಕೆ ತಂದು, ಬಾಲವನ್ನು ಎರಡು ಪದರದ ಒಳಗೆ ತಳ್ಳಿ ಮುಚ್ಚಿದ್ದರು. ಹೊರಗೆ ಏನೂ ಕಾಣದು, ಬಿಚ್ಚಿದವರಿಗೆ ಮಾತ್ರ ಕಾಣುತ್ತದೆ. ಆ ಗಂಟನ್ನು ನಾನು ಒಬ್ಬಳಿಗೇ ಕಲಿಸಿದ್ದು. ನೀನು ಪ್ರತಿ ಸಲವೂ ಗುರುತು ಹಾಕಿಯೇ ಕಳಿಸಿದ್ದೆ. ನಾನು ಬಿಚ್ಚಿ ನೋಡಲಿಲ್ಲ.

ಸಂಜೆ ಮೊಟ್ಟೆಯವಳು ಬಂದಾಗ ಇಷ್ಟು ವರ್ಷದ ಕಟ್ಟಳೆ ಮುರಿದು ಕೇಳಿದೆ. ಅವಳು ಅತ್ತುಬಿಟ್ಟಳು. 'ಹೇಳಬಾರದು ಅಂತ ನಿಮ್ಮ ಮಗಳೇ ಆಣೆ ಹಾಕಿಸಿದ್ರು ಕಣಕ್ಕ. ಆಚೆಯಿಂದ ಬೀಗ ಹಾಕ್ಕೊಂಡು ಹೋಗ್ತಾನೆ. ಎದುರು ಮನೆಯವರು ಅವನ ಕಡೆ, ಕಿಟಕಿ ಹತ್ರ ಎರಡು ಮಾತು ಜಾಸ್ತಿ ಆಡೋ ಹಾಗಿಲ್ಲ' ಅಂದಳು. ನೀನು ಪ್ರತಿ ಸಲ ಕೇಳುತ್ತಿದ್ದೆಯಂತೆ, ಹೊಲಿಯೋರು ನೋಡಿ ಏನಂದ್ರು ಎಂದು. 'ಏನೂ ಅನ್ನಲಿಲ್ಲ, ಪುಸ್ತಕದಲ್ಲಿ ಏನೋ ಬರ್ಕೊಂಡ್ರು' ಅನ್ನುತ್ತಿದ್ದಳಂತೆ ಇವಳು. 'ಬರ್ಕೊಂಡ್ರಾ? ಹಾಗಾದ್ರೆ ಸರಿ' ಎಂದು ನೀನು ಮುಂದಿನ ತಿಂಗಳು ಇನ್ನೊಂದು ಕಳಿಸುತ್ತಿದ್ದೆಯಂತೆ.

ನಿನ್ನೆ ಸಂಜೆಯೇ ಅವಳನ್ನು ನಿನ್ನ ಬೀದಿಗೆ ಓಡಿಸಿದೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ, ಪಾತ್ರೆ ತೊಳೆಯುತ್ತಿದ್ದೆ ಎಂದು ಬಂದು ಹೇಳಿದಳು. ಎರಡೂ ಕೈ ಆಡುತ್ತಿತ್ತಾ ಎಂದು ಕೇಳಿದೆ. ಆಡುತ್ತಿತ್ತು ಅಂದಳು. ಆಗಲೇ ಹೊರಟುಬಿಡುತ್ತಿದ್ದೆ. ಇಸ್ತ್ರಿಯವಳು ಬಾಗಿಲಿಗೆ ಅಡ್ಡ ನಿಂತು, 'ಅವನು ಒಳಗಿರುವಾಗ ನೀವು ಬಾಗಿಲು ಬಡಿದ್ರೆ ಏಟು ತಿನ್ನೋದು ಯಾರು, ಯೋಚನೆ ಮಾಡಿ' ಅಂದಳು. ಕೂತೆ. ಮಿಷನ್ನಿನ ಮೇಲೆ ಕೈಯಿಟ್ಟು ಬೆಳಗಾಗುವವರೆಗೆ ಕೂತಿದ್ದೆ. ಅರವತ್ತೆರಡು ಜನರಿಗೆ ಭಯ ಹಂಚಿದ್ದೇನೆ. ಅದು ಹೇಗಿರುತ್ತದೆ ಎಂದು ನಿನ್ನೆ ತಿಳಿಯಿತು.

ಕೆಂಪು ದಾರ ಇಲ್ಲಿಂದ. ಮೊಟ್ಟೆಯವಳು ಎರಡೂವರೆಗೆ ಬರುತ್ತಾಳೆ. ಎರಡು ಗಂಟೆಯಿಂದಲೇ ನಾನು ನಿನ್ನ ಬೀದಿಯ ಮೂಲೆಯಲ್ಲಿರುವ ಔಷಧಿ ಅಂಗಡಿಯ ಬೆಂಚಿನ ಮೇಲಿರುತ್ತೇನೆ. ಅವನು ಐದಕ್ಕೆ ಬರುತ್ತಾನೆ. ಏಪ್ರನ್ನನ್ನು ಹಿಂದಕ್ಕೆ ಕೊಡುವಾಗ ಅದರ ಲಾಡಿಗೆ ಒಂದು ಗಂಟು ಹಾಕಿದ್ದರೆ ಕೀಲಿ ಇನ್ನೂ ನಿನ್ನ ಹತ್ತಿರವೇ ಇದೆ, ಬಾಗಿಲ ಬೀಗವನ್ನು ಒಳಗಿನಿಂದ ತೆಗೆದು ನೀನೇ ಬರುತ್ತೀಯ. ಎರಡು ಗಂಟಿದ್ದರೆ ಕೀಲಿ ಅವನ ಕೈ ಸೇರಿದೆ. ಆಗ ಬೀಗದ ರಿಪೇರಿಯವನೊಂದಿಗೆ ನಾನು ಬರುತ್ತೇನೆ. ಹದಿನೈದು ವರ್ಷ ಅವನ ಪ್ಯಾಂಟಿನ ಜೇಬು ಹೊಲಿದುಕೊಟ್ಟಿದ್ದೇನೆ, ಒಂದು ಮಾತಿಗೆ ಬರುತ್ತೇನೆ ಅಂದಿದ್ದಾನೆ. ಇಸ್ತ್ರಿಯವಳೂ ಬರುತ್ತಾಳೆ. ಇಸ್ತ್ರಿ ಪೆಟ್ಟಿಗೆ ಹಿಡಿದು ಬರಬೇಡ ಅಂದಿದ್ದೇನೆ, ಕೇಳುವ ಹಾಗೆ ಕಾಣುವುದಿಲ್ಲ. ಬಟ್ಟೆ ಬರೆ ತೆಗೆದುಕೊಳ್ಳಲು ನಿಲ್ಲಬೇಡ, ಬಟ್ಟೆಗೆ ಇಲ್ಲಿ ಬರವಿಲ್ಲ.

ಗಂಟೇ ಇಲ್ಲದಿದ್ದರೆ ನೀನು ಬರುವುದಿಲ್ಲ ಎಂದು ತಿಳಿಯುತ್ತೇನೆ. ನಿನ್ನ ಪರವಾಗಿ ನಾನು ಒಂದು ಸಲ ತೀರ್ಮಾನ ಮಾಡಿದ್ದು ಸಾಕು, ಒಳಗೆ ನುಗ್ಗುವುದಿಲ್ಲ. ಆದರೆ ಬಾಗಿಲ ಹೊರಗೆ ಒರಗಿ ಕೂರುತ್ತೇನೆ. ನೀನು ಒಳಗಿನಿಂದ ಒರಗು. ಅವನು ಬಂದರೂ ಏಳುವುದಿಲ್ಲ. ನನ್ನ ಮಂಡಿಯ ವಿಷಯ ನಿನಗೆ ಗೊತ್ತು, ಕೂತರೆ ನನ್ನನ್ನು ಎಬ್ಬಿಸುವುದು ಕಷ್ಟ.

ಒಳಕೋಣೆಯಲ್ಲಿ ನಿನ್ನ ಮಂಚ ಹಾಕಿದ್ದೇನೆ. ಬಾಗಿಲಿಗೆ ಹೊಸ ಚಿಲಕ, ಒಳಗಿನಿಂದ ಹಾಕುವಂಥದು. ಠಾಣೆ, ವಕೀಲರು, ಎಲ್ಲ ನೀನು ಹೇಳಿದ ಹಾಗೆ, ನೀನು ಹೇಳಿದ ದಿನ. ಸೇಬು ಹಾಗೇ ಇದೆ, ಯಾರೂ ಮುಟ್ಟಿಲ್ಲ.

ನಿನಗೆ ಒಳ್ಳೆಯ ನಿದ್ದೆ ಬರಲಿ, ಹೆಜ್ಜೆ ಸದ್ದಿಗೆ ಎಚ್ಚರವಾಗದಂಥ ನಿದ್ದೆ. ಸೊಂಟ ಮತ್ತೆ ಇಪ್ಪತ್ತೊಂಬತ್ತಾಗಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಬಟ್ಟೆಯಲ್ಲಿ ಇನ್ನೂ ಒಂದು ಗೇಣು ಜಾಗ ಉಳಿದಿದೆ. ಅಂದು ಬಾಯಿಬಿಟ್ಟು ಹೇಳಿದ್ದರೆ ಎಂದು ಮೇಲೆ ಬರೆದಿದ್ದೇನೆ. ಈ ಶಾಯಿ ಅಳಿಸಲು ಬರುವುದಿಲ್ಲ, ಹಾಗಾಗಿ ಕೆಳಗೆ ನಿಜ ಬರೆಯುತ್ತೇನೆ. ಎರಡು ವರ್ಷದ ಹಿಂದೆ ನೀನು ಐದು ಅಂಗಿ ತಂದು, 'ಅಮ್ಮ, ಇವಕ್ಕೆ ತೋಳು ಉದ್ದ ಮಾಡಿಕೊಡು' ಅಂದೆ. ಕಡು ಬೇಸಿಗೆ. ಅಳತೆ ತೆಗೆಯಲು ನಿನ್ನ ತೋಳು ಮೇಲೆತ್ತಿದೆ. ಮಣಿಕಟ್ಟಿನ ಮೇಲೆ ಒಂದು ಕಡೆ ನಾಲ್ಕು ಕಲೆ, ಇನ್ನೊಂದು ಕಡೆ ಒಂದು. ಟೇಪನ್ನು ಅದರ ಮೇಲೆಯೇ ಇಟ್ಟು ಓದಿಕೊಂಡೆ, ಇಪ್ಪತ್ತೆರಡು ಇಂಚು. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಈ ಸಂಬಂಧ ಹುಡುಕಿದವಳು ನಾನು, ಊರಿಗೆಲ್ಲ ಹೇಳಿಕೊಂಡು ಓಡಾಡಿದವಳು ನಾನು. ಹೊಲಿಯೋಳಿಗೆ ಏನು ಭಯ ಎಂದು ಕೇಳಿದ್ದೆಯಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯ ಅನ್ನುವ ಭಯ. ಊಟದ ಹೊತ್ತಿಗೆ ಐದನ್ನೂ ಮುಗಿಸಿ ಮಡಿಸಿ ಕೊಟ್ಟೆ. ಇಪ್ಪತ್ತೆರಡಲ್ಲ, ಚೆನ್ನಾಗಿ ಮುಚ್ಚಲಿ ಎಂದು ಇಪ್ಪತ್ಮೂರು ಮಾಡಿದ್ದೆ.